ಅರ್ಧ ಸ್ವರದ ಪಂಚನಾಮೆ

ಮಾಡಗ್ಯಾಳದ ಕುರಿ ಮನಃಸ್ವಾಸ್ಥ್ಯ ಉಪಕೇಂದ್ರಕ್ಕೆ ಸೇರಿದ ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಯಲ್ಲಿ ಅರ್ಧ ಸ್ವರ ಕಡಿಮೆ ಬಿದ್ದಿರುವುದು ವಾರ್ಷಿಕ ತಪಾಸಣೆಯಲ್ಲಿ ಪತ್ತೆಯಾಯಿತು. ಸರ್ಕಾರಿ ಸ್ವತ್ತು ತಾನಾಗಿ ಕಡಿಮೆಯಾಗುವುದಿಲ್ಲ, ಯಾರಾದರೂ ಕಡಿಮೆ ಮಾಡಬೇಕಾಗುತ್ತದೆ. ಆದ್ದರಿಂದ ಸ್ಟೋರ್‌ಕೀಪರ್ ಮಲ್ಲಿನಾಥನ ಮೇಲೆ ಪ್ರಕರಣ ದಾಖಲಾಯಿತು, ಅದರ ಹಿಂದೆಯೇ ಅವನ ಲಗ್ನವೂ ನಿಂತಿತು. ಎರಡೂ ನಿಯಮದ ಪ್ರಕಾರವೇ ಆದವು ಎಂಬುದನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ. ಊರಿನ ಪ್ರತಿಷ್ಠಿತ ನಾಗರಿಕ ಎಂಬ ನೆಲೆಯಲ್ಲಿ ನಾನು ತಪಾಸಣಾ ಸಮಿತಿಯ ಸದಸ್ಯನಾಗಿದ್ದೆ. ಊರಲ್ಲಿ ನನಗಿಂತ ಪ್ರತಿಷ್ಠಿತರು ಇದ್ದರು, ಆದರೆ ಆ ದಿನ ಅವರಿಗೆಲ್ಲ ಕೆಲಸವಿತ್ತು.

ಗಡಿಭಾಗದ ಜತ್ತ ತಾಲೂಕಿನ ನಮ್ಮ ಮಾಡಗ್ಯಾಳದ ಕುರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಾಗಿದ ಮೂಗು, ಎತ್ತರದ ಕಾಲು, ಬಿಳಿ ಮೈಮೇಲೆ ಕಂದು ಮಚ್ಚೆ. ಒಳ್ಳೆಯ ಟಗರೊಂದು ಸಂತೆಗೆ ಬಂದರೆ ಜನ ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಅದರ ಮನಸ್ಸಿನ ವಿಚಾರವನ್ನು ಯಾವ ಇಲಾಖೆಯೂ ಮಾಡಿರಲಿಲ್ಲ. ಅಧ್ಯಯನ ಪ್ರವಾಸಕ್ಕೆಂದು ಯುರೋಪಿಗೆ ಹೋದ ಹಿರಿಯ ಅಧಿಕಾರಿಯೊಬ್ಬರು ಅಲ್ಲಿ ಸಂಗೀತ ಕೇಳಿ ಹೆಚ್ಚು ಹಾಲು ಕೊಡುವ ಆಕಳುಗಳನ್ನು ಕಂಡರು. ಆಕಳಿಗೂ ಕುರಿಗೂ ಕಾಲು ನಾಲ್ಕೇ ಎಂಬ ಆಧಾರದ ಮೇಲೆ ಮಾಡಗ್ಯಾಳಕ್ಕೆ ಉಪಕೇಂದ್ರ ಮಂಜೂರಾಯಿತು. ಬರುವಾಗ ಅವರೇ ಒಂದು ಸಿಡಿಯನ್ನು ತಂದರು. ಮುನ್ನೂರು ವರ್ಷ ಹಿಂದಿನ, ಬರೋಕ್ ಎಂದು ಕರೆಯುವ ಕಾಲದ ಸಂಗೀತ ಅದರಲ್ಲಿತ್ತು. ಎರಡು ಪಿಟೀಲು, ಮೊಣಕಾಲ ನಡುವೆ ಇಟ್ಟುಕೊಂಡು ಬಾರಿಸುವ ಒಂದು ದೊಡ್ಡ ಪಿಟೀಲು, ಮತ್ತು ಒಳಗೆ ತಂತಿ ಮೀಟುವ ಮೇಜಿನಂಥ ಒಂದು ವಾದ್ಯ. ಲಕೋಟೆಯ ಮೇಲೆ ಸ್ಪಷ್ಟವಾಗಿ ಹೀಗೆ ಮುದ್ರಿಸಿತ್ತು. ಗತಿ: ಮಂದ. ಶ್ರುತಿ: ಡಿ ಮೈನರ್. ಭಾವ: ಗಂಭೀರ ವಿಷಾದ.

ಇದು ಕೊಠಡಿ ಸಂಗೀತ ಎಂಬ ಜಾತಿಗೆ ಸೇರಿದ್ದೆಂದು ಅದೇ ಲಕೋಟೆ ಹೇಳುತ್ತಿತ್ತು. ಅಂದ ಮೇಲೆ ಬಯಲಲ್ಲಿ ಹಚ್ಚುವ ಹಾಗಿಲ್ಲ. ಉಪಕೇಂದ್ರಕ್ಕೆ ಇದ್ದದ್ದು ಒಂದೇ ಕೊಠಡಿ. ಹೀಗಾಗಿ ಕುರಿಗಳು ಕೊಠಡಿಯಲ್ಲಿ ಕೂತವು, ಉಪಕೇಂದ್ರದ ಮುಖ್ಯಸ್ಥರಾದ ಸಾತಪ್ಪ ಸಾಹೇಬರು ತಮ್ಮ ಮೇಜು ಕುರ್ಚಿ ಸಮೇತ ಹೊರಗಿನ ಬೇವಿನ ಗಿಡದ ಕೆಳಗೆ ಕೂತರು. ದಿನಾಲೂ ಮಲ್ಲಿನಾಥ ಕಪಾಟಿನ ಬೀಗ ತೆಗೆದು, ಸಿಡಿಯನ್ನು ಅರಿವೆಯಿಂದ ಒರೆಸಿ, ಹಚ್ಚಿ, ಮುಗಿದ ಮೇಲೆ ಮತ್ತೆ ಒರೆಸಿ ಒಳಗಿಡುತ್ತಿದ್ದ. ಕುರಿಗಳು ಮೆಲುಕು ಹಾಕುತ್ತಿದ್ದವು. ಅವು ಮೊದಲೂ ಮೆಲುಕು ಹಾಕುತ್ತಿದ್ದವು, ಆದರೆ ಈಗ ಅದು ಯೋಜನೆಯ ಫಲಿತಾಂಶವಾಗಿತ್ತು.

ಮಲ್ಲಿನಾಥ ಒಳ್ಳೆಯ ಹುಡುಗ. ಯಳವಿಯ ದಾಳಿಂಬೆ ತೋಟದ ಅಪ್ಪಾಸಾಹೇಬರ ಮಗಳು ಶೀತಲಳ ಜೊತೆ ಅವನ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಆಗಿತ್ತು. ಸಕ್ಕರೆ ಹಂಚಿ, ಅರಿಷಿಣ ಹಚ್ಚುವ ದಿನವನ್ನೂ ಗೊತ್ತುಮಾಡಿದ್ದರು. ಶೀತಲ ಯಳವಿಯ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸದಲ್ಲಿದ್ದಳು. ಇಬ್ಬರೂ ಫೋನಿನಲ್ಲಿ ಮಾತಾಡುವುದನ್ನು ಕೇಳಿದರೆ ಸಂತೋಷವಾಗುತ್ತಿತ್ತು. ಅವನು ಕುರಿ ಏನು ಮಾಡಿತೆಂದು ಹೇಳುತ್ತಿದ್ದ, ಅವಳು ಯಾರ ಎಮ್ಮೆ ನೀರು ಕೊಟ್ಟಿತೆಂದು ಹೇಳುತ್ತಿದ್ದಳು. ಇಷ್ಟರಲ್ಲಿ ತಪಾಸಣೆ ಬಂತು.

ತಪಾಸಣಾಧಿಕಾರಿ ಸೋಮನಾಥ ಸಾಹೇಬರು ಸಾಂಗಲಿಯಿಂದ ಬಂದವರು. ಅವರ ಕಟ್ಟುನಿಟ್ಟಿನ ಬಗ್ಗೆ ಜಿಲ್ಲೆಯಲ್ಲೆಲ್ಲ ಒಳ್ಳೆಯ ಮಾತಿತ್ತು. ಕುರ್ಚಿ ಎಣಿಸುವಾಗ ತಾವು ಕೂತ ಕುರ್ಚಿಯನ್ನೂ ಎದ್ದು ನಿಂತು ನೋಡಿ ಬರೆದುಕೊಳ್ಳುವವರು. ಎಲ್ಲ ಎಣಿಸಿದ ಮೇಲೆ ಅವರ ಕೈಗೆ ಸಿಡಿಯ ಲಕೋಟೆ ಬಂತು.

“ಸಿಡಿ ಐತಿ. ಬರೋಬ್ಬರಿ,” ಎಂದರು. “ಇದರಾಗ ಬರದದ್ದು ಐತೇನು?”

“ಅಂದ್ರರಿ?” ಎಂದರು ಸಾತಪ್ಪ ಸಾಹೇಬರು.

“ಗತಿ ಮಂದ ಅಂತ ಬರದಾರ. ಮಂದ ಐತೋ ಇಲ್ಲೋ ಯಾರರ ನೋಡ್ಯಾರೇನ್ರಿ? ಗೊಬ್ಬರದ ಚೀಲದ ಮ್ಯಾಲ ಬರದದ್ದು ಒಳಗ ಇರ್ತೈತೇನು?”

ಅಲ್ಲಿದ್ದವರು ಎಲ್ಲರೂ ಗೊಬ್ಬರ ಕೊಂಡವರೇ ಆಗಿದ್ದರು.

ಹೀಗೆ ಭೌತಿಕ ತಪಾಸಣೆ ಆರಂಭವಾಯಿತು. ಸಮಿತಿಯಲ್ಲಿ ಸಾತಪ್ಪ ಸಾಹೇಬರು, ಕುರಿ ಸಾಕುವವರ ಪ್ರತಿನಿಧಿಯಾಗಿ ಸಂಗವ್ವ, ಮತ್ತು ನಾನು. ಗತಿಯನ್ನು ಅಳೆಯುವುದಕ್ಕೆ ಬೀರು ಎಂಬ ಸಿಪಾಯಿಯನ್ನು ಬಳಸಲಾಯಿತು. ಕೈಯಲ್ಲಿ ಕಡತ ಹಿಡಿದು ಅವನು ಬೇವಿನ ಗಿಡದಿಂದ ಕಪಾಟಿನವರೆಗೆ ನಡೆಯುವುದು ಕಚೇರಿಯಲ್ಲಿ ಎಲ್ಲರೂ ಒಪ್ಪಿದ ಮಂದಗತಿ. ಸಿಡಿ ಹಚ್ಚಿದರು, ಬೀರು ನಡೆದ. ಪಿಟೀಲಿನ ಹೆಜ್ಜೆಗೂ ಅವನ ಹೆಜ್ಜೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಗತಿ ಪೂರ್ತಿ ಇದೆ ಎಂದು ಬರೆದರು.

ಭಾವಕ್ಕೆ ಸಮಿತಿಯ ಸದಸ್ಯರು ಕೊಠಡಿಯಲ್ಲಿ ಕುರಿಗಳ ನಡುವೆ ಕೂತು ಕೇಳಿ, ತಮಗೆ ಏನು ಅನ್ನಿಸಿತೆಂದು ಹೇಳಬೇಕಿತ್ತು. ನನಗೆ ಜತ್ತದ ಎಸ್‌ಟಿ ಬಸ್ಸಿನಲ್ಲಿ ಬಿಟ್ಟುಬಂದ ಛತ್ರಿ ನೆನಪಾಯಿತು. ಅದನ್ನು ವಿಷಾದ ಎಂದು ಒಪ್ಪಿದರು. ಸಾತಪ್ಪ ಸಾಹೇಬರು ಗಳಗಳನೆ ಅತ್ತರು. ವಿಚಾರಿಸಿದಾಗ ಬದಲಿಯ ಪಟ್ಟಿಯಲ್ಲಿ ತಮ್ಮ ಹೆಸರಿರುವ ಸುದ್ದಿಯಿಂದ ಎರಡು ದಿನದಿಂದ ಅಳುತ್ತಿರುವುದಾಗಿ ಹೇಳಿದರು. ಸಂಗೀತದಿಂದ ಬಂದ ಅಳುವಲ್ಲವೆಂದು ಅದನ್ನು ಅಮಾನ್ಯ ಮಾಡಲಾಯಿತು. ಸಂಗವ್ವನನ್ನು ಕೇಳಿದರು.

“ಒಲಿ ಮ್ಯಾಲ ಹಾಲ ಇಟ್ಟ ಬಂದೀನ್ರಿ ಸಾಹೇಬ್ರ. ಅದ ಅನಸಾಕತ್ತೈತಿ ನನಗ,” ಎಂದಳು ಸಂಗವ್ವ.

‘ಚಿಂತೆ, ವಿಷಾದಕ್ಕೆ ಸಮೀಪ’ ಎಂದು ಬರೆದರು. ಭಾವವೂ ಪಾಸಾಯಿತು.

ಉಳಿದದ್ದು ಶ್ರುತಿ. ಅದಕ್ಕಾಗಿ ಭಜನಿ ಮಂಡಳಿಯ ಅಮೋಘಸಿದ್ದಪ್ಪನನ್ನು ಕರೆಸಿದರು. ಅವನು ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ಹೆಗಲ ಮೇಲೆ ಹೊತ್ತು ಬಂದ. ಮೊದಲು ಚಹಾ ಕೇಳಿದ. ಅದು ಬಂದ ಮೇಲೆ ಸಕ್ಕರೆ ಕಡಿಮೆ ಅಂದ. ಭಜನಿ ಮಂಡಳಿಯನ್ನು ಸರ್ಕಾರ ಇಷ್ಟು ದಿನ ಮರೆತಿದ್ದರ ಬಗ್ಗೆ ಸ್ವಲ್ಪ ಮಾತಾಡಿದ. ಆಮೇಲೆ ಕಣ್ಣು ಮುಚ್ಚಿ, ಗಾಳಿಯ ಭಾತೆ ಒತ್ತಿ, ಬೆರಳಿನ ಕೆಳಗೆ ಒಂದು ಮನೆ ಹಿಡಿದ. ಹುಬ್ಬು ಗಂಟು ಹಾಕಿದ. ಇನ್ನೊಂದು ಮನೆ ಹಿಡಿದ.

“ಸಾಹೇಬ್ರ,” ಎಂದ. “ಡಿ ಅಂದ್ರ ಪಾಂಢರಿ ದೋನ್, ಎರಡನೇ ಬಿಳಿ ಮನಿ. ಮಿರಜದಾಗ ಪೇಟಿ ಮಾಡಾಂವ ನನಗ ಬಾಯಿಲೆ ಹೇಳ್ಯಾನ. ಇದು ಬಡಿಯಾಕತ್ತಿದ್ದು ಕಾಳಿ ಏಕ್. ಮೊದಲನೇ ಕರಿ ಮನಿ.”

“ಅಂದ್ರ?”

“ಅರ್ಧಾ ಸ್ವರ ಇಳದೈತಿ.”

“ನಿಮ್ಮ ಪೇಟಿ ತಪ್ಪಿರಬೇಕು,” ಎಂದ ಮಲ್ಲಿನಾಥ.

ಅಮೋಘಸಿದ್ದಪ್ಪ ಅವನನ್ನು ನೋಡಲಿಲ್ಲ. ಪೇಟಿಯನ್ನು ನೋಡಿದ. “ನಮ್ಮ ಮುತ್ಯಾನ ಪೇಟಿರಿ ಇದು. ಇದರ ಮ್ಯಾಲ ಈ ಊರಾಗ ಯಾರೂ ಮಾತಾಡಿಲ್ಲ,” ಎಂದ. ಪೇಟಿಯ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿರಲಿಲ್ಲ. ಸೋಮನಾಥ ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು.

ಕೂಡಲೇ ಪಂಚರನ್ನು ಕೂಡಿಸಿ ಪಂಚನಾಮೆ ಮಾಡಲಾಯಿತು. ಕಪಾಟಿನಲ್ಲಿ ಕುರಿಯ ಜಂತಿನ ಔಷಧಿ, ಹಳೆಯ ಬ್ಯಾನರು, ಬೀರುವಿನ ಚುರುಮುರಿ ಪೊಟ್ಟಣ ಸಿಕ್ಕವು. ಸ್ವರ ಸಿಗಲಿಲ್ಲ. ಮಲ್ಲಿನಾಥನ ಡಬ್ಬಿ ಬಿಚ್ಚಿ ನೋಡಿದರು, ರೊಟ್ಟಿ ಶೇಂಗಾ ಚಟ್ನಿ ಇತ್ತು. ಅವನ ಮನೆಗೆ ಹೋಗಿ ರೇಡಿಯೋ ಹಚ್ಚಿ ಅದರಲ್ಲಿ ಎಲ್ಲಾದರೂ ಅರ್ಧ ಸ್ವರ ಹೆಚ್ಚಿಗೆ ಕೇಳುತ್ತದೆಯೇ ಎಂದು ಅಮೋಘಸಿದ್ದಪ್ಪ ಕಿವಿಯಿಟ್ಟು ಕೇಳಿದ. ಸಂಜೆಗೆ ನೋಟೀಸು ತಯಾರಾಯಿತು:

‘ಸದರಿ ಧ್ವನಿಮುದ್ರಿಕೆಯು ತಮ್ಮ ಸ್ವಾಧೀನದಲ್ಲಿದ್ದಾಗ ಅದರ ಶ್ರುತಿಯಲ್ಲಿ ಅರ್ಧ ಸ್ವರದ ಕೊರತೆ ಉಂಟಾಗಿರುತ್ತದೆ. ತಾವು ದಿನಂಪ್ರತಿ ಅದನ್ನು ಅರಿವೆಯಿಂದ ಒರೆಸುತ್ತಿದ್ದುದಾಗಿ ತಾವೇ ಒಪ್ಪಿಕೊಂಡಿರುವುದರಿಂದ, ಸ್ವರವು ಅರಿವೆಗೆ ಹತ್ತಿ ಹೋಗಿರುವ ಸಂಭವವನ್ನು ತಳ್ಳಿಹಾಕಲಾಗುವುದಿಲ್ಲ. ಕೊರತೆ ಭರ್ತಿಯಾಗುವವರೆಗೆ ತಮಗೆ ಯಾವುದೇ ಕಾರಣಕ್ಕೆ, ಲಗ್ನವೂ ಸೇರಿದಂತೆ, ರಜೆ ಮಂಜೂರು ಮಾಡಲಾಗುವುದಿಲ್ಲ.’

ಅರಿವೆಯನ್ನು ಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು.

ಸುದ್ದಿ ಯಳವಿಗೆ ಮಲ್ಲಿನಾಥನಿಗಿಂತ ಮೊದಲು ಮುಟ್ಟಿತು. ಮರುದಿನ ಅಪ್ಪಾಸಾಹೇಬರು ಮೋಟಾರ್‌ಸೈಕಲ್ ಹತ್ತಿ ಬಂದರು. ಬೇವಿನ ಗಿಡದ ಕೆಳಗೆ ಭಾವೀ ಅಳಿಯನನ್ನು ನಿಲ್ಲಿಸಿ ಕೇಳಿದರು.

“ಖರೇ ಹೇಳ್ರಿ. ತಿಂದೀರೋ ಇಲ್ಲೋ?”

“ದೇವರಾಣಿ ತಿಂದಿಲ್ರಿ ಮಾಮಾ.”

“ತಿಂದಿದ್ರೂ ನಾ ಸಿಟ್ಟಾಗಾಂವಲ್ಲ. ಮಂದಿ ಏನೇನೋ ತಿಂತಾರ, ಆರಾಮ ಅದಾರ. ಆದ್ರ ತಿಂದದ್ದು ಅರ್ಧಾ, ಅದೂ ಸ್ವರ! ಮಾರಾಕ ಬರೂದಿಲ್ಲ, ಮುಚ್ಚಿಡಾಕ ಬರೂದಿಲ್ಲ. ಇಷ್ಟಕ್ಕ ಸಿಕ್ಕೊಂಡಾಂವ ನಾಳಿ ಸಂಸಾರ ಹ್ಯಾಂಗ ಮಾಡ್ತಾನ? ನಾಕ ಮಂದ್ಯಾಗ ನಾ ಏನ್ ಹೇಳಲಿ?”

ಪ್ರಕರಣ ಮುಗಿಯದಿದ್ದರೆ ಬೇರೆ ಕಡೆ ನೋಡುವುದಾಗಿ ಹೇಳಿ ಹೋದರು. ಲಗ್ನದ ಹಂಗಾಮು ಮುಗಿಯುತ್ತ ಬಂದಿತ್ತು. ಶೇಗಾಂವದ ಕಡೆಯಿಂದ ಒಬ್ಬ ವರ ಈಗಾಗಲೇ ವಿಚಾರಿಸಿ ಹೋಗಿದ್ದನಂತೆ, ಅವನಿಗೆ ಟ್ರ್ಯಾಕ್ಟರ್ ಇತ್ತು. ಮಲ್ಲಿನಾಥ ಅಂದು ಊಟ ಮಾಡಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು, ಆದರೆ ಪಂಚನಾಮೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬನಾಗಿದ್ದೆ.

ಸಿಡಿ ಮಾರಿದ ಕಂಪನಿಗೆ ಸ್ಪಷ್ಟೀಕರಣ ಕೇಳಿದ್ದರು. ಅಲ್ಲಿಂದ ಬೇಗನೆ ಉತ್ತರ ಬಂತು. ಬರೋಕ್ ಕಾಲದಲ್ಲಿ ವಾದ್ಯಗಳ ಶ್ರುತಿಯನ್ನು ಈಗಿನದಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ ಕೂಡಿಸುತ್ತಿದ್ದರೆಂದೂ, ಆ ಸಂಗೀತವನ್ನು ಈಗಲೂ ಹಾಗೆಯೇ ನುಡಿಸುವ ಪದ್ಧತಿ ಇದೆಯೆಂದೂ, ಇದರಲ್ಲಿ ಕೊರತೆ ಏನೂ ಇಲ್ಲವೆಂದೂ ಬರೆದಿದ್ದರು. ಮಲ್ಲಿನಾಥ ಪತ್ರ ಹಿಡಿದುಕೊಂಡು ಓಡಿ ಬಂದ.

ಸೋಮನಾಥ ಸಾಹೇಬರು ಎರಡು ಸಲ ಓದಿದರು. “ಅಂದ್ರ ಮುನ್ನೂರು ವರ್ಷದಿಂದ ಕೆಳಗ ಇಳಿಸ್ಕೋತ ಬಂದಾರ,” ಎಂದರು. “ಪದ್ಧತಿ ಅಂದ್ರ ಏನು? ಭಾಳ ಮಂದಿ ಭಾಳ ದಿನ ಮಾಡಿದ ತಪ್ಪು. ಅವ್ರೆಲ್ಲಾ ಸತ್ತಾರ. ಕಪಾಟಿನ ಕೀಲಿ ಯಾರ ಹಂತೇಕ ಐತಿ?”

“ನನ್ನ ಹಂತೇಕರಿ.”

“ನೀವು ಜೀವಂತ ಅದೀರಿ. ಜವಾಬ್ದಾರಿ ನಿಮ್ಮದು.”

ನ್ಯಾಯದ ದೃಷ್ಟಿಯಿಂದ ಇದರಲ್ಲಿ ತಪ್ಪು ತೆಗೆಯುವಂಥದ್ದು ಏನೂ ಇರಲಿಲ್ಲ.

ದಾರಿ ತೋರಿಸಿದವಳು ಶೀತಲ. ಡೇರಿಯಲ್ಲಿ ಕೆಲಸ ಮಾಡಿದವರಿಗೆ ಕೊರತೆಯ ಬಗ್ಗೆ ಭಾವುಕತೆ ಇರುವುದಿಲ್ಲ. ಅವಳು ಫೋನಿನಲ್ಲಿ ಹೇಳಿದ್ದನ್ನು ಮಲ್ಲಿನಾಥನೇ ನನಗೆ ಹೇಳಿದ.

“ತಿಂದಿಲ್ಲ ತಿಂದಿಲ್ಲ ಅಂತ ಎಷ್ಟ ದಿನಾ ಒದರ್ತೀರಿ? ಫ್ಯಾಟ್ ಕಡಿಮಿ ಬಿದ್ರ ನಮ್ಮಲ್ಲಿ ಯಾರೂ ವಾದಾ ಮಾಡೂದಿಲ್ರಿ. ತುಂಬಿ ಕೊಡ್ತಾರ, ಪಾವತಿ ತಗೋತಾರ. ಸ್ವರಾ ಇಳದೈತಿ ಅಂದ್ರ ಏರಸ್ರಿ. ಲಗೂನ ಏರಸ್ರಿ. ಶೇಗಾಂವದಾಂವ ಮತ್ತ ಬಂದಿದ್ದ ನಿನ್ನಿ. ಟ್ರ್ಯಾಕ್ಟರ್ ತೊಳಕೊಂಡ ಬಂದಿದ್ದ.”

ಮಲ್ಲಿನಾಥ ಜತ್ತಕ್ಕೆ ಹೋದ. ಎಸ್‌ಟಿ ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಅಂಗಡಿಯ ವಿಜಯ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ, ಸ್ವಲ್ಪ ಜೋರಾಗಿ ಓಡಿಸಿದ. ಗ್ರಾಮಫೋನಿನ ತಟ್ಟೆಯನ್ನು ಜೋರಾಗಿ ತಿರುಗಿಸಿದರೆ ಹಾಡುವವನ ದನಿ ಏರುವುದನ್ನು ನಮ್ಮ ವಯಸ್ಸಿನವರು ಕೇಳಿದ್ದೇವೆ, ಇದೂ ಅದೇ. ಜೋರು ಓಡಿದ ಪಿಟೀಲು ಸರಿಯಾಗಿ ಅರ್ಧ ಸ್ವರ ಮೇಲೇರಿತು. ಅದನ್ನು ಹೊಸ ಸಿಡಿಯಲ್ಲಿ ತುಂಬಿ ಕೊಟ್ಟ. “ಇನ್ನೂ ಏರಸಲೇನಣ್ಣಾ? ಲಗ್ನದಾಗ ಕುಣ್ಯಾಕ ಬರ್ತೈತಿ,” ಎಂದನಂತೆ. ಮಲ್ಲಿನಾಥ ಬೇಡವೆಂದ. ನಿಯಮಕ್ಕೆ ಎಷ್ಟು ಬೇಕೋ ಅಷ್ಟೇ ಸಾಕಾಗಿತ್ತು.

ಮರುತಪಾಸಣೆಯ ದಿನ ಅಮೋಘಸಿದ್ದಪ್ಪ ಮತ್ತೆ ಪೇಟಿ ಹೊತ್ತು ಬಂದ. ಎರಡನೇ ಬಿಳಿ ಮನೆ ಹಿಡಿದ, ಕಣ್ಣು ತೆರೆದ, ತಲೆ ಆಡಿಸಿದ. “ಬಂತ್ರಿ ಸ್ವರ,” ಎಂದ. ಸಾತಪ್ಪ ಸಾಹೇಬರು ಮಲ್ಲಿನಾಥನ ಬೆನ್ನು ತಟ್ಟಿದರು. ಅಷ್ಟರಲ್ಲಿ ಸೋಮನಾಥ ಸಾಹೇಬರು ಬೀರುವನ್ನು ಕರೆದರು.

ಬೀರು ಕಡತ ಹಿಡಿದು ಹೊರಟ. ಪಿಟೀಲು ಮುಂದೆ ಹೋಯಿತು, ಬೀರು ಹಿಂದೆ ಉಳಿದ. ಸಾಹೇಬರ ಒತ್ತಾಯಕ್ಕೆ ಅವನು ಹೆಜ್ಜೆ ಜೋರು ಮಾಡಿದ. ಕಪಾಟು ಮುಟ್ಟುವಷ್ಟರಲ್ಲಿ ಅವನಿಗೆ ಬೆವರು ಬಂದಿತ್ತು. “ಇದು ನಮ್ಮ ನೌಕರಿಯಾಗ ಇಲ್ಲರಿ,” ಎಂದು ಅಲ್ಲೇ ಕೂತು ನೌಕರರ ಸಂಘಕ್ಕೆ ಫೋನು ಹಚ್ಚಿದ. ಒಳಗೆ ಕುರಿಗಳು ಮೆಲುಕು ನಿಲ್ಲಿಸಿ ಎದ್ದು ನಿಂತಿದ್ದವು. ಸಂಗವ್ವನ ದೊಡ್ಡ ಟಗರು ಹಿಂದಿನ ಕಾಲಮೇಲೆ ಎದ್ದು ಸುಮ್ಮನೆ ಗೋಡೆಗೆ ಡಿಕ್ಕಿ ಹೊಡೆಯಿತು. ನನಗೆ ಛತ್ರಿ ನೆನಪಾಗಲಿಲ್ಲ. ನಿಜ ಹೇಳಬೇಕೆಂದರೆ ಒಂದಿಷ್ಟು ಖುಷಿಯೇ ಆಯಿತು, ಹೊಸದೊಂದು ಕೊಂಡರಾಯಿತು ಅನ್ನಿಸಿತು. ಇದನ್ನು ನಾನು ಮುಚ್ಚಿಡದೆ ಸಮಿತಿಗೆ ತಿಳಿಸಿದೆ.

ವರದಿ ಹೀಗೆ ಬಂತು: ಶ್ರುತಿ, ಪೂರ್ತಿ. ಗತಿ, ಹೆಚ್ಚುವರಿ. ವಿಷಾದ, ಕೊರತೆ.

ಗತಿಯ ಹೆಚ್ಚುವರಿಯನ್ನು ಸರಿಪಡಿಸುವುದು ಕಷ್ಟವಾಗಲಿಲ್ಲ. ಸರ್ಕಾರಿ ಕಚೇರಿಯಲ್ಲಿ ನಿಗದಿತಕ್ಕಿಂತ ಹೆಚ್ಚು ವೇಗ ಕಂಡುಬಂದ ಉದಾಹರಣೆ ಹಿಂದೆ ಇರಲಿಲ್ಲವಾದ್ದರಿಂದ ಅದಕ್ಕೆ ನಿಯಮವೂ ಇರಲಿಲ್ಲ. ಆ ವೇಗವನ್ನು ಉಪಕೇಂದ್ರದ ಬಾಕಿ ಕೆಲಸಗಳ ನಿಧಾನಕ್ಕೆ ವಜಾ ಮಾಡಿದರು. ಎರಡೂ ಕೂಡಿ ಸರಾಸರಿ ಮಂದವೇ ಬಂತು. ಶ್ರುತಿಯನ್ನು ಮತ್ತೆ ಇಳಿಸುವ ಮಾತೇ ಇರಲಿಲ್ಲ, ಒಮ್ಮೆ ಭರ್ತಿಯಾದ ಸ್ವತ್ತನ್ನು ಕಡಿಮೆ ಮಾಡುವುದು ಅಪರಾಧ. ಆದರೆ ವಿಷಾದವನ್ನು ಎಲ್ಲಿಂದ ತರುವುದು? ಅದನ್ನು ವಿಜಯನ ಅಂಗಡಿಯಲ್ಲಿ ತುಂಬಿಸಲು ಬರುತ್ತಿರಲಿಲ್ಲ. ‘ಹೊರಗಿನಿಂದ ವಿಷಾದ ಪೂರೈಸಬೇಕಾಗಿದೆ, ಆಸಕ್ತರು ಮಾದರಿಯೊಂದಿಗೆ ಖುದ್ದಾಗಿ ಹಾಜರಾಗಬೇಕು’ ಎಂದು ಗ್ರಾಮ ಪಂಚಾಯತಿಯ ಗೋಡೆಗೆ ಜಾಹೀರಾತು ಹಚ್ಚಿದರು. ಕುರಿಗಳ ಜೊತೆ ಕೊಠಡಿಯಲ್ಲಿ ಕೂತು, ಸಿಡಿ ನಡೆಯುವಷ್ಟು ಹೊತ್ತು ದುಃಖಪಡುವುದು ಕೆಲಸ.

ಇಂಥ ಜಾಹೀರಾತಿಗೆ ಜನ ಬರುವುದಿಲ್ಲವೆಂದು ತಿಳಿದವರು ನಮ್ಮ ತಾಲೂಕನ್ನು ಕಂಡವರಲ್ಲ. ಬೇವಿನ ಗಿಡದ ಕೆಳಗೆ ಜಾತ್ರೆಯಷ್ಟು ಮಂದಿ ಕೂಡಿದರು. ಎಲ್ಲರಿಗಿಂತ ಮುಂದೆ ಸಾತಪ್ಪ ಸಾಹೇಬರ ಹೆಂಡತಿಯ ತಮ್ಮ ದತ್ತಾ ನಿಂತಿದ್ದ. ಅವನಿಗೆ ಜೀವನದಲ್ಲಿ ಯಾವ ದುಃಖವೂ ಇರಲಿಲ್ಲ, ಅಕ್ಕನ ಗಂಡನೇ ಸಾಹೇಬರಾಗಿದ್ದರಿಂದ ಬೇಕಾಗಿಯೂ ಇರಲಿಲ್ಲ. ಮೊದಲ ಅವಕಾಶ ಅವನಿಗೇ ಸಿಕ್ಕಿತು. ಕುರಿಗಳ ನಡುವೆ ಕೂತು ಮುಖ ಸಣ್ಣದು ಮಾಡಿದ, ಆದರೆ ಟಗರು ಅವನ ಅಂಗಿಯ ತೋಳು ತಿನ್ನತೊಡಗಿದಾಗ ಕಚಗುಳಿಯಾಗಿ ನಕ್ಕುಬಿಟ್ಟ. ಮೂರು ಸಲ ನಕ್ಕ ಮೇಲೆ ಸೋಮನಾಥ ಸಾಹೇಬರು ಮಾದರಿ ಕಲಬೆರಕೆಯದೆಂದು ತಿರಸ್ಕರಿಸಿದರು.

ಮುಂದೆ ಸಂಗವ್ವ ಬಂದಳು. ಸತ್ತ ಮನೆಯಲ್ಲಿ ಅವಳು ಹಾಡಿ ಅಳುವುದಕ್ಕೆ ಕೂತರೆ ವೈರಿಗಳೂ ಸೆರಗು ಕಣ್ಣಿಗೆ ಹಚ್ಚುತ್ತಾರೆ. ಸತ್ತವನ ಗುಣ, ಅವನು ಮೇಯಿಸಿದ ಕುರಿ, ಅವನು ಮಲಗಿದ ಕಂಬಳಿ, ಒಂದೊಂದೂ ಅವಳ ಹಾಡಿನಲ್ಲಿ ಬರುತ್ತದೆ. ಪಿಟೀಲು ಶುರುವಾಗುತ್ತಲೇ ಅವಳೂ ಎತ್ತಿಕೊಂಡಳು. ನಿಜವಾಗಿ ಎದೆ ಹಿಂಡಿತು. ಆದರೆ ಆ ಕುರಿಗಳಲ್ಲಿ ಬಹಳಷ್ಟು ಅವಳವೇ. ತಮ್ಮ ಒಡತಿಗೆ ಏನೋ ಆಯಿತೆಂದು ತಿಳಿದು ಎಲ್ಲವೂ ಬ್ಯಾ ಎನ್ನುತ್ತ ಅವಳ ಮೇಲೆ ಬಿದ್ದವು. ಕಿಟಕಿ ಮುರಿಯಿತು. ಬೇಕಾದದ್ದು ವಿಷಾದ, ಬಂದದ್ದು ಗಾಬರಿ. ಸಂಗವ್ವನ ಅರ್ಜಿಯೂ ಹೋಯಿತು.

“ನಂದೂ ತಗೊಳ್ಳಿಲ್ಲಂದ್ರ ಇನ್ಯಾರದ ತಗೋತಾರವ್ವಾ!” ಎಂದು ಬೈಯುತ್ತ ಅವಳು ಕುರಿಗಳನ್ನು ಎಣಿಸಿಕೊಂಡಳು.

ಹೀಗೆ ದಿನಗಳು ಹೋದವು. ಲಗ್ನಕ್ಕೆಂದು ಗೊತ್ತುಮಾಡಿದ ದಿನ ಬಂತು. ಅಂದು ರಜೆ ಇಲ್ಲ. ಅಕ್ಷತೆ ಬೀಳಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಮಲ್ಲಿನಾಥ ಕಪಾಟು ತೆಗೆದು, ಸಿಡಿ ಹಚ್ಚಿ, ಕುರಿಗಳ ನಡುವೆ ನೆಲದ ಮೇಲೆ ಕೂತ. ಹೊಸ ಅಂಗಿ ಹಾಕಿಕೊಂಡಿದ್ದ, ಹೊಲಿಸಿದ್ದು ದಂಡವಾಗಬಾರದೆಂದು. ಅವನು ಅಳಲಿಲ್ಲ. ಒಂದು ಮರಿಯ ಕಿವಿಯನ್ನು ಸವರುತ್ತ ಬಾಗಿಲ ಕಡೆ ನೋಡುತ್ತಿದ್ದ, ಯಳವಿ ಯಾವ ದಿಕ್ಕಿಗಿದೆಯೋ ಆ ಕಡೆ. ಪಿಟೀಲುಗಳು ಜೋರಾಗಿ ಓಡುತ್ತಲೇ ಇದ್ದವು. ಆದರೆ ಮರಿ ಕೂತಿತು. ಅದರ ತಾಯಿ ಕೂತಿತು. ಗೋಡೆಗೆ ಗುದ್ದುತ್ತಿದ್ದ ಟಗರು ಬಂದು ಅವನ ತೊಡೆಯ ಮೇಲೆ ಗದ್ದ ಇಟ್ಟಿತು. ಮುರಿದ ಕಿಟಕಿಯಿಂದ ನೋಡುತ್ತಿದ್ದ ನನಗೆ ಛತ್ರಿಯಷ್ಟೇ ಅಲ್ಲ, ಸತ್ತ ನನ್ನ ತಂಗಿಯೂ ನೆನಪಾದಳು. ನನ್ನ ಪಕ್ಕದಲ್ಲಿ ಸೋಮನಾಥ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

“ಗಂಭೀರ ಐತಿ,” ಎಂದರು ಮೆಲ್ಲಗೆ. “ವಿಷಾದನೂ ಐತಿ. ಲಕೋಟಿ ಮ್ಯಾಲ ಬರದಂಗ ಐತಿ.”

ಅಂದೇ ಮಲ್ಲಿನಾಥ ದೋಷಮುಕ್ತನಾದ. ಮೂರೂ ಕಲಮು ಭರ್ತಿಯಾಗಿವೆಯೆಂದು ಸಾಹೇಬರು ಸಹಿ ಹಾಕಿ, ಮಲ್ಲಿನಾಥನ ವಿಷಾದವನ್ನು ಧ್ವನಿಮುದ್ರಿಕೆಯ ಅವಿಭಾಜ್ಯ ಅಂಗವೆಂದು ಸ್ಟಾಕಿನಲ್ಲಿ ಜಮಾ ಮಾಡಿದರು. ಪ್ರಯೋಗಾಲಯದಿಂದ ಅರಿವೆಯೂ ಒಗೆದು ಇಸ್ತ್ರಿ ಮಾಡಿ ವಾಪಸು ಬಂತು. ಊರವರು ಅಭಿನಂದಿಸಿದರು. ಮಲ್ಲಿನಾಥ ಅಲ್ಲಿಯೇ ಲಗ್ನದ ರಜೆಗೆ ಅರ್ಜಿ ಬರೆದು ಸಾತಪ್ಪ ಸಾಹೇಬರ ಮುಂದೆ ಇಟ್ಟ.

ಅರ್ಜಿ ತಿರಸ್ಕೃತವಾಯಿತು.

ಸಾಹೇಬರನ್ನು ಇದಕ್ಕಾಗಿ ದೂರುವವರು ಪರಿಸ್ಥಿತಿಯನ್ನು ಅರ್ಥ ಮಾಡಿಕೊಂಡಿಲ್ಲ. ಲಗ್ನವಾದರೆ ಮಲ್ಲಿನಾಥನಿಗೆ ಸಂತೋಷವಾಗುತ್ತದೆ. ಸಂತೋಷವಾದರೆ ವಿಷಾದದಲ್ಲಿ ಕೊರತೆ ಬೀಳುತ್ತದೆ. ಬಿದ್ದರೆ ಸರ್ಕಾರಿ ಸ್ವತ್ತನ್ನು ಬುದ್ಧಿಪೂರ್ವಕವಾಗಿ ಹಾಳುಮಾಡಿದ ಪ್ರಕರಣವಾಗುತ್ತದೆ, ಅದರಲ್ಲಿ ಲಗ್ನ ಮಾಡಿಸಿದ ಅಯ್ಯನವರಿಂದ ಹಿಡಿದು ಉಂಡು ಹೋದವರೆಲ್ಲ ಸಹ ಆರೋಪಿಗಳಾಗುತ್ತಾರೆ.

ಮರುದಿನ ಅಪ್ಪಾಸಾಹೇಬರು ಬಂದರು, ಈ ಸಲ ಹಿಂದಿನ ಸೀಟಿನಲ್ಲಿ ಶೀತಲ ಇದ್ದಳು. ನಾಲ್ಕು ಜನರ ಮುಂದೆ ವಧು ಹೀಗೆ ಬರುವುದು ನಮ್ಮ ಕಡೆಯ ರೂಢಿಯಲ್ಲ. ಅವಳು ರೂಢಿಯನ್ನು ಗೇಟಿನಲ್ಲೇ ಬಿಟ್ಟು ನೇರ ಬೇವಿನ ಗಿಡದ ಕೆಳಗೆ ಬಂದಳು. ಸಾತಪ್ಪ ಸಾಹೇಬರೂ ಸೋಮನಾಥ ಸಾಹೇಬರೂ ಅಲ್ಲೇ ಕೂತಿದ್ದರು.

“ಬರ್ರಿ, ಕುಂದ್ರಿ,” ಎಂದರು ಸಾತಪ್ಪ ಸಾಹೇಬರು.

“ಕುಂದ್ರಾಕ ಬಂದಿಲ್ರಿ. ನನ್ನ ಲಗ್ನಾ ಮಾಡ್ಕೊಳ್ಳೋ ಮನಷ್ಯಾನ್ನ ನೀವು ಕಪಾಟಿನ್ಯಾಗ ಜಮಾ ಮಾಡೀರಂತ. ಬಿಡಸ್ಕೊಂಡ ಹೋಗಾಕ ಬಂದೀನಿ.”

“ಮನಷ್ಯಾನ್ನ ಜಮಾ ಮಾಡಿಲ್ಲ ತಂಗಿ,” ಎಂದರು ಸೋಮನಾಥ ಸಾಹೇಬರು, ಬಹಳ ಮೃದುವಾಗಿ. “ಅವ್ರ ದುಃಖ ಅಷ್ಟ ನಮ್ಮದು. ಉಳದದ್ದೆಲ್ಲಾ ನಿಮ್ಮದು.”

“ದುಃಖ ಯಾವಾಗ ಬೇಕ್ರಿ ನಿಮಗ?”

“ಕಚೇರಿ ವ್ಯಾಳ್ಯಾದಾಗ. ಸೋಮವಾರದಿಂದ ಶುಕ್ರವಾರ.”

“ಶನಿವಾರ?”

ಸಾಹೇಬರಿಬ್ಬರೂ ಮುಖ ಮುಖ ನೋಡಿದರು. ಶನಿವಾರ, ರವಿವಾರ ಸಿಡಿ ಹಚ್ಚುವ ಪದ್ಧತಿ ಇರಲಿಲ್ಲ. ಆ ದಿನಗಳಲ್ಲಿ ಮಲ್ಲಿನಾಥನ ಮನಸ್ಸಿನ ಮೇಲೆ ಸರ್ಕಾರಕ್ಕೆ ಹಕ್ಕು ಇದೆಯೇ ಎಂಬುದು ಸೂಕ್ಷ್ಮವಾದ ಪ್ರಶ್ನೆ. ಚಹಾ ತರಿಸಿ ಚರ್ಚಿಸಿದರು. ಕೊನೆಗೆ ಆದೇಶ ಬಂತು. ಲಗ್ನಕ್ಕೆ ಅಡ್ಡಿ ಇಲ್ಲ. ಆದರೆ ವಧುವು ವಾರದ ಕೆಲಸದ ದಿನಗಳಲ್ಲಿ ಯಳವಿಯಲ್ಲಿಯೇ ವಾಸಿಸತಕ್ಕದ್ದು. ರವಿವಾರ ಸಂಜೆ ಅಗಲತಕ್ಕದ್ದು. ಅಗಲುವಾಗ ಆದಷ್ಟು ಹಿಂದೆ ತಿರುಗಿ ನೋಡತಕ್ಕದ್ದು. ಕೆಲಸದ ದಿನಗಳಲ್ಲಿ ಫೋನಿನಲ್ಲಿ ವಿನೋದದ ಮಾತು ಆಡತಕ್ಕದ್ದಲ್ಲ.

“ಲಗ್ನಾ ಮಾಡ್ಕೊಂಡ ತವರಮನ್ಯಾಗ ಇರೂದೇನ್ರಿ?” ಎಂದು ಶೀತಲ ಅಪ್ಪನ ಕಡೆ ನೋಡಿದಳು.

ಅಪ್ಪಾಸಾಹೇಬರು ಆದೇಶವನ್ನು ಬೆಳಕಿಗೆ ಹಿಡಿದು ನೋಡಿದರು, ಕೆಳಗಿದ್ದ ಮುದ್ರೆಯನ್ನು ಬೆರಳಿನಿಂದ ಸವರಿದರು. “ದುಃಖಾ ಸ್ಟಾಕಿನ್ಯಾಗ ಬಂತಂದ್ರ ನೌಕರಿ ಪರ್ಮನಂಟ್ ಆತಿಲ್ರಿ?” ಎಂದು ಕೇಳಿದರು.

“ಆತ್ರಿ. ದುಃಖ ಇರೂತನಕ ನೌಕರಿ ಐತಿ.”

“ಮುಗೀತು,” ಎಂದರು ಅಪ್ಪಾಸಾಹೇಬರು. “ಟ್ರ್ಯಾಕ್ಟರಿನಾಂವಗ ನಾ ಹೇಳಿ ಕಳಸ್ತೀನಿ.”

ಮುಂದಿನ ರವಿವಾರವೇ ಯಳವಿಯಲ್ಲಿ ಲಗ್ನವಾಯಿತು. ಅಮೋಘಸಿದ್ದಪ್ಪ ಎರಡನೇ ಬಿಳಿ ಮನೆಯಿಂದ ಹಾಡಿದ. ಹುಗ್ಗಿ ಚೆನ್ನಾಗಿತ್ತು. ಸೋಮನಾಥ ಸಾಹೇಬರು ಆಹ್ವಾನದ ಮೇರೆಗೆ ಬಂದು, ವರನ ಮುಖವನ್ನು ಹತ್ತಿರದಿಂದ ನೋಡಿ, ಇಂದು ರಜೆಯ ದಿನವೆಂದು ಯಾವ ಟಿಪ್ಪಣಿಯನ್ನೂ ಬರೆಯಲಿಲ್ಲ. ಸೋಮವಾರ ಮಲ್ಲಿನಾಥ ಕುರಿಗಳ ನಡುವೆ ಕೂತಾಗ ಬಂದ ವಿಷಾದ ಹಿಂದಿನದಕ್ಕಿಂತ ಎಷ್ಟೋ ಉತ್ತಮ ದರ್ಜೆಯದಾಗಿತ್ತು. ಇಲಾಖೆ ಇದನ್ನು ಗಮನಿಸಿತು. ಸಾತಪ್ಪ ಸಾಹೇಬರ ಬದಲಿ ರದ್ದಾಗಿ ಬಡ್ತಿಯಾಯಿತು. ಯಳವಿಗೂ ಒಂದು ಉಪಕೇಂದ್ರ ಮಂಜೂರಾಯಿತು, ಅಲ್ಲಿ ಅದೇ ಸಿಡಿ, ಅದೇ ಶ್ರುತಿ, ಅಲ್ಲಿಯ ವಿಷಾದಕ್ಕೆ ಶೀತಲಳನ್ನು ನೇಮಿಸಿದರು. ಡೇರಿಯವರು ಅವಳನ್ನು ಹಾರ ಹಾಕಿ ಕಳಿಸಿಕೊಟ್ಟರು. ಅಪ್ಪಾಸಾಹೇಬರು ಊರಿಗೆಲ್ಲ ಪೇಢೆ ಹಂಚಿದರು. “ಒಂದ ಮನಿಯಾಗ ಎರಡು ಸರ್ಕಾರಿ ನೌಕರಿ!” ಎಂದು ಈಗಲೂ ಸಿಕ್ಕವರಿಗೆಲ್ಲ ಹೇಳುತ್ತಾರೆ. ಒಂದೇ ಮನೆಯಲ್ಲಿ ಇಬ್ಬರೂ ಇರುವಂತಿಲ್ಲ ಎಂಬುದನ್ನು ಯಾರೂ ಎತ್ತಿ ಆಡುವುದಿಲ್ಲ. ಸುತ್ತಲಿನ ಊರುಗಳಲ್ಲಿ ಈಗ ತಂದೆತಾಯಂದಿರು ಸಂಬಂಧ ನೋಡುವಾಗ ಹುಡುಗ ಹುಡುಗಿಗೆ ಒಬ್ಬರ ಮೇಲೊಬ್ಬರಿಗೆ ನಿಜವಾಗಿ ಜೀವ ಇದೆಯೇ ಎಂದು ವಿಚಾರಿಸುತ್ತಾರೆ. ಇದ್ದರೆ ಹುದ್ದೆ ಸಿಗುವ ಸಂಭವ ಹೆಚ್ಚು.

ಹೋದ ರವಿವಾರ ಸಂಜೆ ಜತ್ತದ ಎಸ್‌ಟಿ ಸ್ಟ್ಯಾಂಡಿನಲ್ಲಿ ನಾನು ಹೊಸ ಛತ್ರಿ ಹಿಡಿದು ನಿಂತಿದ್ದೆ. ಅವರಿಬ್ಬರೂ ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರು. ಅವನ ಬಸ್ಸು ಒಂದು ಕಡೆ ಹೋಗುವಂಥದ್ದು, ಅವಳದು ಇನ್ನೊಂದು ಕಡೆ.

“ಇವತ್ತ ಬಸ್ ತಪ್ಪಿಸ್ಕೊಂಡ್ರ ಏನಾಗ್ತೈತ್ರಿ?” ಎಂದಳು ಶೀತಲ.

ಮಲ್ಲಿನಾಥ ಒಂದು ಶೇಂಗಾ ಸುಲಿದು ಅವಳ ಕೈಗಿಟ್ಟ. “ನಾಳಿ ಕಡಿಮಿ ಬೀಳ್ತೈತಿ,” ಎಂದ.

ಅವಳು ಹೌದೆಂದು ತಲೆ ಆಡಿಸಿ, ಉಳಿದ ಶೇಂಗಾವನ್ನು ಅವನ ಜೇಬಿಗೆ ಸುರಿದಳು. ಮಾಡಗ್ಯಾಳದ ಬಸ್ಸು ಮೊದಲು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕೂತ. ಅವಳು ಆದೇಶದಲ್ಲಿ ಹೇಳಿದಂತೆ, ಬಸ್ಸು ತಿರುವು ದಾಟಿ ಕಾಣದಾಗುವವರೆಗೆ ನೋಡುತ್ತ ನಿಂತಳು. ಮರುದಿನ ಎರಡೂ ಉಪಕೇಂದ್ರಗಳಲ್ಲಿ ಗತಿ, ಶ್ರುತಿ, ಭಾವ ಮೂರೂ ಪೂರ್ತಿ ಇದ್ದವು.